ಶಿವಪುರಕ್ಕೆ ಬುತ್ತಿ ಕಟ್ಟಿದವರ ಹೆಸರನ್ನು ಯಾರಾದರೂ ಬರೆದಿಟ್ಟಿದ್ದೀರಾ?

ಮದ್ದೂರಿನ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ಇಲ್ಲಿ ಮಂಡ್ಯ, ಮೈಸೂರು ಕಡೆಯವರು ಬಹಳ ಮಂದಿ ಇದ್ದೀರಿ ಎಂಬ ಧೈರ್ಯದಿಂದ ಕೇಳುತ್ತಿದ್ದೇನೆ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಸರ್ಕಾರದ ನಿಷೇಧ ಮುರಿದು ಕಾಂಗ್ರೆಸ್ಸಿನ ಬಾವುಟ ಹಾರಿಸಿದ ಧ್ವಜ ಸತ್ಯಾಗ್ರಹ ನಮಗೆಲ್ಲ ಗೊತ್ತು. ಬಾವುಟ ಹಾರಿಸಿದವರು ಯಾರು, ಹೊಲ ಬಿಟ್ಟುಕೊಟ್ಟವರು ಯಾರು, ಪೊಲೀಸರು ಯಾರನ್ನು ಹಿಡಿದುಕೊಂಡು ಹೋದರು, ಎಲ್ಲವೂ ಬರವಣಿಗೆಯಲ್ಲಿದೆ. ಆದರೆ ಆ ದಿನಗಳಲ್ಲಿ ಅಲ್ಲಿ ಸೇರಿದ್ದ ಸಾವಿರಾರು ಜನ ಏನು ಉಂಡರು? ಅದನ್ನು ಬೇಯಿಸಿದವರು ಯಾರು? ಈ ಪ್ರಶ್ನೆಗೆ ನಮ್ಮ ಮನೆಯ ಜಗುಲಿಯಲ್ಲಿ ಬಿಟ್ಟರೆ ನನಗೆ ಬೇರೆಲ್ಲಿಯೂ ಉತ್ತರ ಸಿಕ್ಕಿಲ್ಲ.

ನಮ್ಮ ಊರು ಶಿವಪುರದಿಂದ ಎರಡು ಮೈಲಿ. ನನ್ನ ತಂದೆಯ ತಾಯಿ ಆಗ ಇಪ್ಪತ್ತೆರಡು ವರ್ಷದ ಸೊಸೆ, ಕಂಕುಳಲ್ಲಿ ಒಂದು ಕೂಸು. 1994ರಲ್ಲಿ ಅವರು ತೀರಿಕೊಳ್ಳುವವರೆಗೂ ಈ ಕಥೆಯನ್ನು ನಾನು ಹತ್ತಾರು ಸಲ ಕೇಳಿದ್ದೇನೆ. ಬರೆದುಕೊಳ್ಳಬೇಕು ಎಂದು ಮಾತ್ರ ಒಮ್ಮೆಯೂ ತೋಚಲಿಲ್ಲ.

ಸತ್ಯಾಗ್ರಹದ ಹಿಂದಿನ ಸಂಜೆ ಊರಿನ ಪಟೇಲರು ತಮಟೆ ಹೊಡೆಸಿದ್ದರಂತೆ. ಯಾರೂ ಆ ಕಡೆ ಸುಳಿಯಬಾರದು, ಸುಳಿದರೆ ಜಮೀನಿನ ಮೇಲೆ ಬರುತ್ತದೆ ಎಂದು. ಗಂಡಸರು ಕತ್ತಲಾದ ಮೇಲೆ ಹೊಲದ ಬದುವಿನ ಮೇಲೆ ಒಬ್ಬೊಬ್ಬರಾಗಿ ನಡೆದು ಹೋದರು. ಹೋಗುವ ಮೊದಲು ಒಂದು ಪಲ್ಲ ರಾಗಿಯನ್ನು ಹೆಂಗಸರಿಗೆ ಒಪ್ಪಿಸಿದ್ದರು. ಒಂದೇ ಮನೆಯಲ್ಲಿ ಅಷ್ಟು ಹೊತ್ತು ರಾಗಿಕಲ್ಲು ತಿರುಗಿದರೆ ಪಟೇಲರ ಕಿವಿಗೆ ಬೀಳುತ್ತದೆ. ಆದ್ದರಿಂದ ಏಳು ಮನೆಗೆ ಹಂಚಿಕೊಂಡರು.

ರಾಗಿ ಬೀಸುವಾಗ ನಮ್ಮ ಕಡೆ ಪದ ಹೇಳುವುದು ಎಲ್ಲರಿಗೂ ಗೊತ್ತಿರುವ ವಾಡಿಕೆ. ಕಲ್ಲಿನ ಎರಡು ಪಕ್ಕದಲ್ಲಿ ಕುಳಿತ ಇಬ್ಬರಲ್ಲಿ ಒಬ್ಬಳು ಎತ್ತಿಕೊಟ್ಟರೆ ಇನ್ನೊಬ್ಬಳು ಹಿಡಿಯುತ್ತಾಳೆ. ಗೂಟ ಅತ್ತಿಂದ ಇತ್ತ ಬರುವ ಹೊತ್ತಿಗೆ ಸಾಲು ಮುಗಿಯುತ್ತದೆ. ಆ ರಾತ್ರಿ ಏಳು ಮನೆಯಲ್ಲಿಯೂ ಪದ ಹೇಳದೆ ಬೀಸಿದರು. ಕಲ್ಲಿನ ಕೆಳಗೆ ಹಳೆಯ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಸದ್ದನ್ನು ನೆಲ ನುಂಗುವಂತೆ ಮಾಡಿದರು. "ಪದವಿಲ್ಲದಿದ್ದರೆ ಕಲ್ಲು ಎಷ್ಟು ಭಾರ ಎಂಬುದು ನನಗೆ ಆ ರಾತ್ರಿ ಗೊತ್ತಾಯಿತು, ಕೂಸೇ" ಎಂದು ಅಜ್ಜಿ ಹೇಳುವಾಗ ಅವರ ಬಲಗೈ ತಾನಾಗಿ ಗಾಳಿಯಲ್ಲಿ ಒಂದು ಸುತ್ತು ತಿರುಗುತ್ತಿತ್ತು.

ಬೆಳ್ಳಿ ಮೂಡುವ ಮೊದಲೇ ಒಲೆ ಹೊತ್ತಿಸಿದರು. ಬೇಸಿಗೆಯ ಬಿಸಿಲಿಗೆ ಕೆಡಬಾರದೆಂದು ಹುರುಳಿ ಕಟ್ಟಿನ ಸಾರು. ಮುದ್ದೆಗಳನ್ನು ಮುತ್ತುಗದ ಎಲೆಯಲ್ಲಿ ಸುತ್ತಿ ಬಿದಿರಿನ ಕುಕ್ಕೆಗಳಿಗೆ ತುಂಬಿ, ಸಾರಿನ ಗಡಿಗೆಗಳ ಬಾಯಿಗೆ ಬಟ್ಟೆ ಬಿಗಿದು, ಗಾಡಿಯಲ್ಲಿಟ್ಟು ಮೇಲೆ ಹುಲ್ಲು ಹೊದಿಸಿದರು. ಗಾಡಿ ಹೊಡೆದವನು ಹದಿಮೂರು ವರ್ಷದ ಹುಡುಗ. ಹೀಗೆ ಮೂರು ದಿನ.

ಅಜ್ಜನಿಗೆ ಕೆಲವು ವಾರ ಜೈಲಾಯಿತು. ಅವರ ಫೋಟೊ ಇಂದಿಗೂ ಊರಿನ ಶಾಲೆಯ ಗೋಡೆಯ ಮೇಲಿದೆ, ಇರಲೇಬೇಕು. ಈ ವರ್ಷ ಆಗಸ್ಟ್ 15ರಂದು ಅಲ್ಲಿಗೆ ಹೋಗಿದ್ದಾಗ ನನ್ನ ತಮ್ಮನ ಮಗಳು ಆ ಫೋಟೊ ತೋರಿಸಿ, "ಆಗ ಮುತ್ತಜ್ಜಿ ಏನು ಮಾಡುತ್ತಿದ್ದರು?" ಎಂದು ಕೇಳಿದಳು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಪ್ರೀತಿಯಿಂದಲೇ, "ಅವರು ಮನೆಯಲ್ಲಿದ್ದರು ಮಗು" ಎಂದರು. ನಾನು ಮನೆಗೆ ಬಂದವಳು ಆ ರಾತ್ರಿ ನಿದ್ದೆ ಮಾಡಲಿಲ್ಲ.

ನಿಮ್ಮ ಮನೆಗಳಲ್ಲಿಯೂ ಇಂಥ ಮಾತು ಉಳಿದಿದ್ದರೆ ದಯವಿಟ್ಟು ಬರೆಯಿರಿ.

ಇತಿಹಾಸದ ಮೇಷ್ಟ್ರು, ಮಂಡ್ಯ

ತಾಯಿ, ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಹೇಳಿದವನು ನಾನು. ಪ್ರತಿವರ್ಷ ಶಿವಪುರದ ಪಾಠ ಮಾಡಿದ್ದೇನೆ. ಊಟದ ಪ್ರಶ್ನೆ ನನಗೆ ಒಂದು ದಿನವೂ ಹೊಳೆಯಲಿಲ್ಲ. ಯಾವ ವಿದ್ಯಾರ್ಥಿಯೂ ಕೇಳಲಿಲ್ಲ. ನಿಮ್ಮ ತಮ್ಮನ ಮಗಳು ನನ್ನ ತರಗತಿಯಲ್ಲಿ ಇರಬೇಕಾಗಿತ್ತು.

ಕಿರಿಯರಿಗಾಗಿ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. 1938ರ ಫೆಬ್ರುವರಿಯಲ್ಲಿ ಹರಿಪುರದಲ್ಲಿ ಸೇರಿದ ಕಾಂಗ್ರೆಸ್ಸು, ಸಂಸ್ಥಾನಗಳಲ್ಲಿ ತನ್ನ ಹೆಸರಿನಲ್ಲಿ ನೇರವಾಗಿ ಹೋರಾಟ ಮಾಡುವುದಿಲ್ಲ, ಅಲ್ಲಿಯ ಜನ ತಮ್ಮ ಕಾಲ ಮೇಲೆ ನಿಲ್ಲಬೇಕು ಎಂದು ತೀರ್ಮಾನಿಸಿತ್ತು. ಮೈಸೂರಿನವರು ಎರಡೇ ತಿಂಗಳಲ್ಲಿ ನಿಂತು ತೋರಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಸರ್ಕಾರ ಬಾವುಟ ಹಾರಿಸಬಾರದೆಂದು ನಿಷೇಧ ಹೊರಡಿಸಿತ್ತು. ತಿರುಮಲೇಗೌಡರು ಕೊಟ್ಟ ಹೊಲದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧ್ಯಕ್ಷ ಟಿ. ಸಿದ್ದಲಿಂಗಯ್ಯನವರು ಚರಕದ ಬಾವುಟ ಹಾರಿಸಿ ಬಂಧನಕ್ಕೊಳಗಾದರು. ಸಾಹುಕಾರ್ ಚನ್ನಯ್ಯ, ಎಚ್.ಕೆ. ವೀರಣ್ಣಗೌಡ ಮೊದಲಾದವರ ದುಡಿಮೆ ಅದರ ಹಿಂದಿತ್ತು. ಒಂದು ಮಾತು ನೆನಪಿರಲಿ: ಆಗ ಮಂಡ್ಯ ಜಿಲ್ಲೆ ಎಂಬುದೇ ಇರಲಿಲ್ಲ. ಅದು ಹುಟ್ಟಿದ್ದು 1939ರಲ್ಲಿ. ಹಳೆಯ ಕಾಗದ ಹುಡುಕುವವರು ಮೈಸೂರು ಜಿಲ್ಲೆಯ ಕಡತಗಳಲ್ಲಿ ನೋಡಬೇಕು.

ಇದಾದ ಎರಡೇ ವಾರಕ್ಕೆ, ಏಪ್ರಿಲ್ 25ರಂದು, ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರ ಗುಂಡು ಹಾರಿತು. ಮಡಿದವರಲ್ಲಿ ಗೌರಮ್ಮ ಎಂಬ ಮಹಿಳೆಯೂ ಇದ್ದರು. ಆಮೇಲೆ ಸರ್ದಾರ್ ಪಟೇಲರು ಬಂದು ದಿವಾನರೊಡನೆ ಒಪ್ಪಂದ ಮಾಡಿಕೊಂಡರು. ಸಂಸ್ಥಾನದ ಬಾವುಟದ ಜೊತೆಯಲ್ಲಿ ಕಾಂಗ್ರೆಸ್ಸಿನ ಬಾವುಟವನ್ನೂ ಹಾರಿಸಲು ಒಪ್ಪಿಗೆಯಾಯಿತು.

ಹೆಣ್ಣುಮಕ್ಕಳ ಹೆಸರೇ ಇಲ್ಲವೆಂದು ಹೇಳಲಾಗದು. ಶಿವಪುರದಲ್ಲಿ ಬಂಧನಕ್ಕೊಳಗಾದ ಬಳ್ಳಾರಿ ಸಿದ್ದಮ್ಮನವರು ಮುಂದೆ ದಾವಣಗೆರೆಯಿಂದ ಶಾಸಕಿಯಾದರು. ಯಶೋಧರಮ್ಮ ದಾಸಪ್ಪನವರು ತುರುವನೂರಿನ ಅರಣ್ಯ ಸತ್ಯಾಗ್ರಹದಲ್ಲಿ ಜೈಲಿಗೆ ಹೋದರು. ಹೆಂಡದ ಈಚಲು ಮರಗಳನ್ನು ಕಡಿಯುವ ಸತ್ಯಾಗ್ರಹ ಅದು. ಅದೇ ಯಶೋಧರಮ್ಮ ಮುಂದೆ ಸಚಿವೆಯಾಗಿದ್ದಾಗ, ಸರ್ಕಾರ ಪಾನನಿರೋಧವನ್ನು ತೆಗೆಯಿತೆಂದು ಕುರ್ಚಿಯನ್ನೇ ಬಿಟ್ಟು ಬಂದರು. ಇಂಥವರನ್ನು ನಾನು ಪಾಠದಲ್ಲಿ ಹೇಳಿದ್ದೇನೆ. ಆದರೆ ಇವರೆಲ್ಲ ವೇದಿಕೆ ಹತ್ತಿದವರು, ಜೈಲಿನ ದಾಖಲೆಗೆ ಸೇರಿದವರು. ನೀವು ಕೇಳುತ್ತಿರುವುದು ಬೇರೆ.

ಕೃಷ್ಣಮೂರ್ತಿಪುರದ ಓದುಗ

ಮೇಷ್ಟ್ರಿಗೂ ಪ್ರಶ್ನೆ ಕೇಳಿದ ಸೋದರಿಗೂ ನಮಸ್ಕಾರ. ಒಂದು ಭಿನ್ನಾಭಿಪ್ರಾಯವಿದೆ, ಹೇಳದೆ ಇರಲಾರೆ.

ನಿಮ್ಮ ಅಜ್ಜಿಯ ಕಥೆ ಓದಿ ನನಗೂ ಗಂಟಲು ಕಟ್ಟಿತು. ಆದರೆ ಅಡುಗೆ ಮಾಡಿದವರನ್ನೆಲ್ಲ ಹೋರಾಟಗಾರರು ಎಂದರೆ ಗುಂಡಿಗೆ ಎದೆಯೊಡ್ಡಿದವರನ್ನು ಏನೆಂದು ಕರೆಯಬೇಕು? ನಾನು ದಿನವೂ ಮೈಸೂರಿನ ರಾಮಸ್ವಾಮಿ ವೃತ್ತದ ಮೇಲೆ ಹಾದುಹೋಗುತ್ತೇನೆ. 1947ರ ಸೆಪ್ಟೆಂಬರ್‌ನಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆಯೂ, ಜವಾಬ್ದಾರಿ ಸರ್ಕಾರಕ್ಕಾಗಿ, ಎಂದರೆ ಜನರಿಗೆ ಉತ್ತರ ಹೇಳಬೇಕಾದ ಮಂತ್ರಿಮಂಡಲಕ್ಕಾಗಿ, ಬೀದಿಗಿಳಿದ ರಾಮಸ್ವಾಮಿ ಎಂಬ ವಿದ್ಯಾರ್ಥಿ ಅಲ್ಲಿ ಗುಂಡಿಗೆ ಬಲಿಯಾದ. ಊರಹಬ್ಬಕ್ಕೂ ಹೆಂಗಸರು ಅಡುಗೆ ಮಾಡುತ್ತಾರೆ, ಮದುವೆಗೂ ಮಾಡುತ್ತಾರೆ. ಎಲ್ಲಕ್ಕೂ ಒಂದೇ ಹೆಸರಿಟ್ಟರೆ ಆ ಹೆಸರಿಗಿರುವ ತೂಕವೇ ಹೋಗುತ್ತದೆ. ಅಗೌರವದಿಂದ ಹೇಳುತ್ತಿಲ್ಲ. ಆ ಹುಡುಗನಿಗೆ ಸಲ್ಲಬೇಕಾದದ್ದು ಸಲ್ಲಲಿ ಎಂಬುದಷ್ಟೇ ನನ್ನ ಕಳಕಳಿ.

ಮದ್ದೂರಿನ ಮೊಮ್ಮಗಳು

ಅಣ್ಣಾ, ನೀವು ಸೋದರಿ ಎಂದಿರಿ, ನಾನು ಅಣ್ಣ ಎನ್ನುತ್ತೇನೆ. ರಾಮಸ್ವಾಮಿಯವರ ತೂಕವನ್ನು ಕಡಿಮೆ ಮಾಡುವ ಯೋಚನೆ ನನಗೂ ಇಲ್ಲ.

ಆದರೆ ಊರಹಬ್ಬದ ಅಡುಗೆಗೂ ಇದಕ್ಕೂ ಇರುವ ವ್ಯತ್ಯಾಸ ಆ ಕಂಬಳಿಯಲ್ಲಿದೆ. ಹಬ್ಬದ ಹಿಂದಿನ ರಾತ್ರಿ ಯಾರೂ ರಾಗಿಕಲ್ಲಿನ ಕೆಳಗೆ ಕಂಬಳಿ ಹಾಸುವುದಿಲ್ಲ. ತಮಟೆ ಹೊಡೆದು ಸಾರಿದ್ದನ್ನು ಆ ಏಳು ಮನೆಯ ಹೆಂಗಸರೂ ಕೇಳಿದ್ದರು. ಜಮೀನು ಹೋದರೆ ಮಕ್ಕಳಿಗೆ ಏನು ತಿನ್ನಿಸುವುದು ಎಂಬ ಭಯ ಮನೆಯಿಂದ ಹೊರಗೆ ಹೋದ ಗಂಡಸಿಗಿಂತ ಮನೆಯಲ್ಲಿ ಉಳಿದವಳಿಗೆ ಹೆಚ್ಚು. ಅದನ್ನು ತಿಳಿದೂ ಬೀಸಿದರು. ಸರ್ಕಾರದ ನಿಷೇಧವನ್ನು ತಿಳಿದೂ ತಿಳಿದೂ ಮುರಿಯುವುದನ್ನೇ ಅಲ್ಲವೇ ಸತ್ಯಾಗ್ರಹ ಎನ್ನುವುದು?

ಅಜ್ಜ ಜೈಲಿನಲ್ಲಿದ್ದ ವಾರಗಳಲ್ಲಿ ಅಜ್ಜಿ ಒಬ್ಬರೇ ಎರಡು ಎತ್ತು, ಒಂದು ಹಸು, ಹಾಸಿಗೆ ಹಿಡಿದ ಅತ್ತೆ, ಕೂಸು, ಎಲ್ಲವನ್ನೂ ನೋಡಿಕೊಂಡರು. ಕಾರ ಹುಣ್ಣಿಮೆಯ ಹೊತ್ತಿಗೆ ಹೊಲ ಹದ ಮಾಡಿಸಿ ಬಿತ್ತನೆಯನ್ನೂ ಮಾಡಿಸಿದ್ದರು. ಅಜ್ಜ ಇದನ್ನು ಎಲ್ಲರ ಮುಂದೆ ಹೇಳುತ್ತಿದ್ದರು. "ಇವಳು ಗಟ್ಟಿ ಇದ್ದದ್ದಕ್ಕೆ ನಾನು ಕ್ಷಮೆ ಬರೆದುಕೊಟ್ಟು ಬರಲಿಲ್ಲ" ಎನ್ನುತ್ತಿದ್ದರು. ಗೋಡೆಯ ಮೇಲಿರುವ ಫೋಟೊ ಆ ಮಾತನ್ನು ಹೇಳುವುದಿಲ್ಲ.

ಹಂಜಿ ನೂಲು, ನಂಜನಗೂಡು

ನಮ್ಮ ಕಡೆಯದೂ ಸೇರಲಿ. ಬದನವಾಳು ಎಂದರೆ ಈಗಿನವರಿಗೆ 2015ರಲ್ಲಿ ನಡೆದ ಸುಸ್ಥಿರ ಬದುಕಿನ ಸತ್ಯಾಗ್ರಹ ನೆನಪಾಗುತ್ತದೆ. ಅದಕ್ಕಿಂತ ಎಷ್ಟೋ ಮೊದಲು, 1920ರ ದಶಕದಿಂದಲೂ, ಬದನವಾಳು, ತಗಡೂರು ಸುತ್ತಿನಲ್ಲಿ ಖಾದಿಯ ಕೆಲಸ ಬೇರೂರಿತ್ತು. ತಗಡೂರು ರಾಮಚಂದ್ರರಾಯರು ಅದಕ್ಕೆ ಜೀವ ತೇದವರು. ಗಾಂಧೀಜಿಯೂ ಬಂದು ಹೋದ ನೆಲ ಇದು.

ನೂತವರು ಹೆಚ್ಚಾಗಿ ಹೆಂಗಸರೇ. ನನ್ನ ತಾಯಿ ಮದುವೆಯಾಗಿ ಬಂದ ಮೇಲೆ ನೂಲುವುದನ್ನು ಕಲಿತಿದ್ದು ತನ್ನ ಅತ್ತೆಯಿಂದ, ಆ ಅತ್ತೆ ಕಲಿತಿದ್ದು ಆ ದಿನಗಳಲ್ಲಿ. ನೂಲುವುದನ್ನು ಫೋಟೊದಲ್ಲಿ ನೋಡಿದವರಿಗೆ ಅದು ಶಾಂತವಾಗಿ ಕಾಣುತ್ತದೆ. ಕುಳಿತು ನೋಡಿ. ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಂಜಿಯನ್ನು, ಎಂದರೆ ನೂಲಲು ಸುತ್ತಿಟ್ಟ ಹತ್ತಿಯ ಸುರುಳಿಯನ್ನು, ಹಿಡಿಯಬೇಕು. ಒತ್ತಿದರೆ ನೂಲು ಗಂಟಾಗುತ್ತದೆ, ಸಡಿಲ ಬಿಟ್ಟರೆ ಕಡಿಯುತ್ತದೆ. ಬಲಗೈ ರಾಟೆಯನ್ನು ತಿರುಗಿಸುವ ವೇಗಕ್ಕೆ ಎಡಗೈ ಹಿಂದಕ್ಕೆ ಹೋಗುವ ವೇಗ ಸರಿಯಾಗಿ ಹೊಂದಬೇಕು. ಬೇಸಿಗೆಯಲ್ಲಿ ಗಾಳಿ ಒಣಗಿದಾಗ ನೂಲು ಸುಮ್ಮಸುಮ್ಮನೆ ಹರಿಯುತ್ತದೆ. ಅದಕ್ಕೆ ನಮ್ಮ ಅಜ್ಜಿ ನೆಲಕ್ಕೆ ನೀರು ಚಿಮುಕಿಸಿ, ಬಾಗಿಲು ಮುಂದೆ ಮಾಡಿಕೊಂಡು ನೂಲುತ್ತಿದ್ದರು. ಹೊಲದ ಕೂಲಿ ಮುಗಿಸಿ, ಮನೆಯ ಕೆಲಸ ಮುಗಿಸಿ, ಬುಡ್ಡಿ ದೀಪದ ಮುಂದೆ. ಒಂದು ಲಡಿ (ನೂಲಿನ ಕಟ್ಟು) ಒಪ್ಪಿಸಿದರೆ ಕೈಗೆ ಬರುತ್ತಿದ್ದುದು ಕೆಲವು ಕಾಸು. ಆದರೆ ಗಂಡನ ಕೈ ಕಾಯದೆ ಸ್ವಂತಕ್ಕೆ ಬಂದ ಮೊದಲ ದುಡ್ಡು ಅದು. ಅಜ್ಜಿ ಆ ದುಡ್ಡಿನಲ್ಲಿ ಮೊದಲು ಕೊಂಡದ್ದು ಮಗನಿಗೆ ಒಂದು ಸ್ಲೇಟು.

ಶಿವಪುರದಲ್ಲಿ ಹಾರಿದ್ದು ಖಾದಿಯ ಬಾವುಟ. ಆ ಬಟ್ಟೆಗೆ ನೂಲು ತೆಗೆದದ್ದು ಯಾವ ಹೆಂಗಸಿನ ಎಡಗೈಯೋ! ಮಾತನ್ನು ಅಲ್ಲಿಂದ ಶುರು ಮಾಡಬೇಕು ಎಂದು ನನಗೆ ಅನ್ನಿಸುತ್ತದೆ.

ನಿವೃತ್ತ ಸುಬೇದಾರ್, ಪಾಂಡವಪುರ

ನಾನು ಸೈನ್ಯದಲ್ಲಿದ್ದವನು. 1971ರ ಯುದ್ಧದಲ್ಲಿ ಪೂರ್ವದ ಗಡಿಯಲ್ಲಿದ್ದೆ, ಆಗ ನನಗೆ ಇಪ್ಪತ್ತು ವರ್ಷ. ಬಂದೂಕು ಹಿಡಿದವನಷ್ಟೇ ಯೋಧ ಎಂಬ ಮಾತನ್ನು ಸೈನ್ಯದಲ್ಲಿ ಯಾರೂ ಒಪ್ಪುವುದಿಲ್ಲ. ಊಟ, ಮದ್ದುಗುಂಡು, ಸುದ್ದಿ ಈ ಮೂರರಲ್ಲಿ ಒಂದು ನಿಂತರೂ ತುಕಡಿ ನಿಲ್ಲುತ್ತದೆ.

ಬಾಂಗ್ಲಾದೇಶದ ತಾರಾಮನ್ ಬೀಬಿಯವರ ವಿಷಯವನ್ನು ಹೇಳಲೇಬೇಕು. ಕುಡಿಗ್ರಾಮ ಜಿಲ್ಲೆಯ ಬಡ ಹುಡುಗಿ. ಬಾಂಗ್ಲಾ ವಿಮೋಚನೆಗೆ ಹೋರಾಡಿದ ಮುಕ್ತಿವಾಹಿನಿಯ ಶಿಬಿರಕ್ಕೆ ಅವರು ಮೊದಲು ಸೇರಿದ್ದು ಅಡುಗೆಯವಳಾಗಿ. ಅನ್ನ ಬೇಯಿಸುತ್ತಾ, ಬಂದೂಕು ಒರೆಸಿಡುತ್ತಾ, ಅಲ್ಲಿದ್ದ ಹವಾಲ್ದಾರರಿಂದ ಗುಂಡು ಹಾರಿಸುವುದನ್ನು ಕಲಿತರು. ಶತ್ರುವಿನ ಠಾಣೆಗಳ ಸುದ್ದಿ ತಂದರು, ಎದುರಾ ಎದುರು ಕಾದಾಡಿದರು. 1973ರಲ್ಲಿ ಅಲ್ಲಿಯ ಸರ್ಕಾರ ಅವರಿಗೆ ಬೀರ್ ಪ್ರತೀಕ್ ಎಂಬ ಶೌರ್ಯ ಪದವಿ ಘೋಷಿಸಿತು. ಆ ಪದವಿ ಪಡೆದ ಹೆಣ್ಣುಮಕ್ಕಳು ಇಬ್ಬರೇ. ಇನ್ನೊಬ್ಬರು ವೈದ್ಯೆ ಸಿತಾರಾ ಬೇಗಂ. ಆದರೆ ಪದವಿ ಬಂದಿದೆಯೆಂದು ತಾರಾಮನ್ ಅವರಿಗೆ ಗೊತ್ತಾದದ್ದು 1995ರಲ್ಲಿ, ಒಬ್ಬ ಸಂಶೋಧಕರು ಹುಡುಕಿಕೊಂಡು ಹೋದ ಮೇಲೆ. ಇಪ್ಪತ್ತೆರಡು ವರ್ಷ ಆ ತಾಯಿ ತಾನು ವೀರಳೆಂದು ಸರ್ಕಾರ ಬರೆದಿಟ್ಟಿರುವುದೇ ತಿಳಿಯದೆ ಬಡತನದಲ್ಲಿ, ಕ್ಷಯದಲ್ಲಿ ದಿನ ದೂಡಿದ್ದರು. 2018ರ ಡಿಸೆಂಬರ್ 1ರಂದು ತೀರಿಕೊಂಡರು.

ಅದೇ ಯುದ್ಧದಲ್ಲಿ ಅತ್ಯಾಚಾರಕ್ಕೆ ಒಳಗಾದ ಹೆಣ್ಣುಮಕ್ಕಳನ್ನು ಬೀರಾಂಗನಾ, ಎಂದರೆ ವೀರಾಂಗನೆ, ಎಂದು ಕರೆದರು. ಮಾತು ದೊಡ್ಡದು. ಆದರೆ ಸ್ವಂತ ಊರಿನವರೇ ಬಾಗಿಲು ಮುಚ್ಚಿದರು. ಅವರನ್ನು ಮುಕ್ತಿ ಯೋಧರ ಪಟ್ಟಿಗೆ ಸೇರಿಸಲು ಆರಂಭಿಸಿದ್ದು 2015ರಲ್ಲಿ. ನಾನು ಆ ದಿನಗಳಲ್ಲಿ ಕಣ್ಣಾರೆ ಕಂಡದ್ದನ್ನು ಇಲ್ಲಿ ಬರೆಯಲಾರೆ. ಕೃಷ್ಣಮೂರ್ತಿಪುರದ ಸ್ವಾಮಿಗಳೇ, ತೂಕ ಯಾರದು ಎಷ್ಟು ಎಂದು ನೋಡುವಾಗ ಅವರನ್ನೂ ನೆನಪಿಟ್ಟುಕೊಳ್ಳಿ ಎಂದಷ್ಟೇ ಕೇಳುತ್ತೇನೆ.

ತಾಲ್ಲೂಕು ಕಚೇರಿಯಲ್ಲಿದ್ದವಳು

ನಾನು ಗುಮಾಸ್ತೆಯಾಗಿ ಕೆಲಸ ಮಾಡಿದವಳು. ಯಾವ ಊರೆಂದು ಬೇಡ. ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿಯ ಕಡತಗಳು ಕೆಲವು ವರ್ಷ ನನ್ನ ಮೇಜಿನ ಮೇಲಿದ್ದವು.

ಕೇಂದ್ರದ ಯೋಜನೆ ಬಂದದ್ದು 1972ರ ಆಗಸ್ಟ್ 15ರಂದು, ಸ್ವಾತಂತ್ರ್ಯದ ಬೆಳ್ಳಿಹಬ್ಬಕ್ಕೆ. ಅದರ ಮುಖ್ಯ ಅಳತೆ ಜೈಲಿನ ದಿನಗಳು. ಕನಿಷ್ಠ ಆರು ತಿಂಗಳು; ಹೆಂಗಸರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಮೂರು ತಿಂಗಳು. ಭೂಗತರಾಗಿದ್ದವರಿಗೆ, ಆಸ್ತಿ ಕಳೆದುಕೊಂಡವರಿಗೆ ಬೇರೆ ನಿಯಮಗಳಿದ್ದವು. ಗಂಡ ತೀರಿಕೊಂಡರೆ ಹೆಂಡತಿಗೆ ಪಿಂಚಣಿ ಮುಂದುವರಿಯುತ್ತಿತ್ತು, ಅದು ಗಂಡನ ಹೆಸರಿನ ಪಿಂಚಣಿ. ನಿಯಮ ಮಾಡಿದವರ ಮೇಲೆ ನನಗೆ ಸಿಟ್ಟಿಲ್ಲ. ಸರ್ಕಾರಕ್ಕೆ ಯಾವುದಾದರೂ ಒಂದು ದಾಖಲೆ ಬೇಕು, ಜೈಲಿನವರು ದಾಖಲೆ ಇಡುತ್ತಾರೆ. ಆದರೆ ಬ್ರಿಟಿಷರ ಕಾಲದ ಜೈಲಿನ ರಿಜಿಸ್ಟರೇ ನಮ್ಮ ದೇಶಭಕ್ತರ ಪಟ್ಟಿಯಾಯಿತು ಎಂಬುದು ನನ್ನನ್ನು ಕೊರೆಯುತ್ತಲೇ ಇದೆ.

ಒಂದು ದಿನ ಒಬ್ಬ ಮುದುಕಿ ಬಂದರು. ದಪ್ಪ ಖಾದಿ ಸೀರೆ, ಸೆರಗಿನ ಬಳಿ ಎರಡು ಕಡೆ ಹೊಲಿಗೆ. ಅರ್ಜಿ ಬರೆಸಲು ಯಾರೂ ಸಿಗಲಿಲ್ಲವೆಂದು ನನ್ನನ್ನೇ ಕೇಳಿದರು. "ಜೈಲಿಗೆ ಎಷ್ಟು ದಿನ ಹೋಗಿದ್ದಿರಿ?" ಎಂದು ಕೇಳಿದೆ. "ನಾನು ಹೋಗಲಿಲ್ಲ ಮಗಳೇ. 42ರಲ್ಲಿ ಅಣ್ಣನೂ ಅತ್ತಿಗೆಯೂ ಹೋದರು. ಅವರ ಐದು ಮಕ್ಕಳು ನನ್ನ ಹತ್ತಿರ ಇದ್ದವು" ಎಂದರು. ಆ ಮಕ್ಕಳಲ್ಲಿ ಒಂದು ಆ ವರ್ಷವೇ ವಿಷಮಶೀತ ಜ್ವರದಲ್ಲಿ ತೀರಿಕೊಂಡಿತಂತೆ. ತಾಯಿ ಬಿಡುಗಡೆಯಾಗಿ ಬಂದಾಗ ಏನು ಹೇಳಿದಿರಿ ಎಂದು ಕೇಳುವ ಧೈರ್ಯ ನನಗೆ ಆಗಲಿಲ್ಲ. ಅರ್ಜಿಯನ್ನು ಬರೆದುಕೊಟ್ಟೆ. ಅದು ತಿರಸ್ಕೃತವಾಗುತ್ತದೆ ಎಂದು ಬರೆಯುವಾಗಲೇ ಗೊತ್ತಿತ್ತು. ಹಾಗೆಯೇ ಆಯಿತು. ಅವರು ಮತ್ತೆ ಬರಲಿಲ್ಲ. ಈ ವಿಷಯವನ್ನು ಇಷ್ಟು ವರ್ಷಗಳಲ್ಲಿ ಇವತ್ತೇ ಮೊದಲು ಬರೆಯುತ್ತಿದ್ದೇನೆ.

ಹಂಜಿ ನೂಲು, ನಂಜನಗೂಡು

ಅಕ್ಕಾ, ಓದಿ ಏನು ಬರೆಯಬೇಕೋ ತಿಳಿಯುತ್ತಿಲ್ಲ. ಆ ಅರ್ಜಿಯನ್ನು ಬರೆದುಕೊಟ್ಟಿರಲ್ಲ, ಅದು ಒಳ್ಳೆಯದಾಯಿತು.

ಅಗ್ರಹಾರದ ಸೊಸೆ

ಮೈಸೂರಿನ ನಮ್ಮ ಮನೆಯ ಮಾತೊಂದಿದೆ. ನನ್ನ ಯಜಮಾನರ ಸೋದರತ್ತೆ ಹದಿನಾರಕ್ಕೆ ವಿಧವೆಯಾದವರು. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಹಿಂದಿನ ಕೋಣೆಯಲ್ಲಿ ಕೂರಿಸಿದ್ದರು. ಅವರಿಗೆ ಹೊರಗೆ ಹೋಗಲು ಅನುಮತಿ ಇದ್ದದ್ದು ಬೆಳಿಗ್ಗೆ ದೇವಸ್ಥಾನಕ್ಕೆ ಮಾತ್ರ, ಮಡಿಯಲ್ಲಿ, ಕೈಯಲ್ಲಿ ತಾಮ್ರದ ಕೊಡ ಹಿಡಿದು.

1947ರಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ ಮೈಸೂರು ಚಲೋ ಚಳವಳಿಯ ದಿನಗಳಲ್ಲಿ ಮನೆಯ ಹುಡುಗರು ಕರಪತ್ರ ಹಂಚಲು ಒದ್ದಾಡುತ್ತಿದ್ದರು. ಪೊಲೀಸರು ಹುಡುಗರನ್ನು ಕಂಡರೆ ಜೇಬು ತಡಕುತ್ತಿದ್ದರು. "ನನ್ನ ಕೊಡಕ್ಕೆ ಹಾಕಿ" ಎಂದವರು ಅತ್ತೆಯೇ. ಖಾಲಿ ಕೊಡದಲ್ಲಿ ಕರಪತ್ರದ ಸುರುಳಿ, ಮೇಲೆ ಒದ್ದೆ ಬಟ್ಟೆ, ಅದರ ಮೇಲೆ ತುಳಸಿ. ಮಡಿ ಹೆಂಗಸು ಬರುತ್ತಿದ್ದಾರೆಂದರೆ ಪೊಲೀಸಿನವರೇ ಮುಟ್ಟಿಬಿಟ್ಟೇವೆಂದು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು. ಸುಮಾರು ಒಂದು ತಿಂಗಳು ಹೀಗೆ ನಡೆಯಿತು. ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಾಗ ಮನೆಯಲ್ಲಿ ಸಿಹಿ ಮಾಡಿದರಂತೆ. ಆಮೇಲೆ ಅತ್ತೆ ಮತ್ತೆ ಹಿಂದಿನ ಕೋಣೆಗೆ ಹೋದರು. ಅದನ್ನು ನೆನೆದರೆ ನನಗೆ ತುಂಬಾ ನೋವಾಗುತ್ತದೆ. ರಾಜ್ಯಕ್ಕೆ ಜವಾಬ್ದಾರಿ ಸರ್ಕಾರ ಬಂದ ವರ್ಷವೂ ಅವರ ಕೋಣೆಯ ಬಾಗಿಲು ಹಾಗೆಯೇ ಇತ್ತು.

ಮಳವಳ್ಳಿ ರಸ್ತೆ

ಮದ್ದೂರಿನ ಅಕ್ಕನಿಗೆ ಒಂದು ಪ್ರಶ್ನೆ. ಆ ಏಳು ಮನೆ ಎಂದಿರಲ್ಲ, ಎಲ್ಲವೂ ಒಂದೇ ಬೀದಿಯವೇ? ಅಷ್ಟು ಅಡುಗೆಗೆ ಬೇಕಾದ ಸೌದೆಯನ್ನು ಯಾರು ತಂದರು?

ಮದ್ದೂರಿನ ಮೊಮ್ಮಗಳು

ತಮ್ಮಾ, ನೀವು ಕೇಳಬಹುದು ಎಂದು ನನಗೆ ಮೊದಲೇ ಅನ್ನಿಸಿತ್ತು. ಮೊದಲ ಬರಹದಲ್ಲಿಯೇ ಹೇಳಬೇಕಾಗಿತ್ತು; ಹೇಳಲಿಲ್ಲ, ಅದು ನನ್ನ ತಪ್ಪು.

ಏಳೂ ನಮ್ಮ ಬೀದಿಯ ಮನೆಗಳೇ. ಸೌದೆ ತಂದವರು ಕೇರಿಯ ಹೆಂಗಸರು. ರಾತ್ರಿಯೇ ಹೊತ್ತು ತಂದು ಹಿತ್ತಿಲಲ್ಲಿ ಇಳಿಸಿದರು. ಒಲೆಯ ಹತ್ತಿರಕ್ಕೆ ಅವರನ್ನು ಬಿಡಲಿಲ್ಲ. ಬೆಳಿಗ್ಗೆ ಅವರಿಗೆ ಮುದ್ದೆ ಕೊಟ್ಟದ್ದು ಎಲೆಯ ಮೇಲೆ ಎತ್ತಿ ಹಾಕಿ. ಅಜ್ಜಿ ಈ ಭಾಗವನ್ನು ಮೊದಲೆಲ್ಲ ಹೇಳುತ್ತಿರಲಿಲ್ಲ. ಕೊನೆಯ ವರ್ಷಗಳಲ್ಲಿ ಒಂದು ಸಲ ಹೇಳಿದರು. "ನಾವು ಜಮೀನಿಗೆ ಹೆದರಿದೆವು, ಅವರಿಗೆ ಜಮೀನೇ ಇರಲಿಲ್ಲ. ಆದರೂ ಬಂದರು. ನಾವು ಅವರನ್ನು ಹಿತ್ತಿಲಲ್ಲೇ ನಿಲ್ಲಿಸಿದೆವು" ಎಂದು ಹೇಳಿ ಗೋಡೆಯ ಕಡೆಗೆ ತಿರುಗಿ ಮಲಗಿದರು.

ಮಳವಳ್ಳಿ ರಸ್ತೆ

ಹೇಳಿದ್ದಕ್ಕೆ ಧನ್ಯವಾದ ಅಕ್ಕ. ನಿಮ್ಮ ಊರು ಯಾವುದೆಂದು ನನಗೆ ಅಂದಾಜಾಗಿದೆ. ಆ ಕೇರಿ ನಮ್ಮ ತಾಯಿಯ ತವರು. ಅಲ್ಲಿ ನಮ್ಮ ದೊಡ್ಡಜ್ಜಿ ಇದ್ದಾರೆ, ತೊಂಬತ್ತೈದು ದಾಟಿದೆ. ಆಗ ಹತ್ತು ವರ್ಷದ ಹುಡುಗಿ, ತಾಯಿಯ ಹಿಂದೆ ಸೌದೆ ಹೊತ್ತು ಹೋಗಿದ್ದೆ ಎಂದು ಹೇಳುತ್ತಾರೆ. ನಾವು ಅದನ್ನು ಯಾವುದೋ ಜಾತ್ರೆಯ ವಿಷಯ ಎಂದುಕೊಂಡಿದ್ದೆವು. ಬೆಳಗಿನ ಹೊತ್ತು ನೆನಪು ಚೆನ್ನಾಗಿರುತ್ತದೆ, ಮಧ್ಯಾಹ್ನದ ಮೇಲೆ ಮಂಕಾಗುತ್ತದೆ. ಬರುವುದಾದರೆ ತಡ ಮಾಡಬೇಡಿ.

ಕೃಷ್ಣಮೂರ್ತಿಪುರದ ಓದುಗ

ಎರಡು ದಿನದಿಂದ ಎಲ್ಲವನ್ನೂ ಓದುತ್ತಿದ್ದೇನೆ. ಪ್ರಾಣ ಕೊಟ್ಟವರಿಗೆ ಬೇರೆಯದೇ ಹೆಸರಿರಬೇಕು ಎಂಬ ನನ್ನ ಮಾತನ್ನು ನಾನು ಬಿಡುವುದಿಲ್ಲ, ಸುಬೇದಾರರು ಕ್ಷಮಿಸಬೇಕು. ಆದರೆ ಉಳಿದವರನ್ನು "ಮನೆಯಲ್ಲಿದ್ದರು" ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ಸುಳ್ಳು ಎಂಬುದನ್ನು ಒಪ್ಪುತ್ತೇನೆ. ಮದ್ದೂರಿನ ತಂಗಿ, ನೀವು ದೊಡ್ಡಜ್ಜಿಯನ್ನು ನೋಡಲು ಹೋಗುವಾಗ ಧ್ವನಿಮುದ್ರಣ ಮಾಡಿಕೊಳ್ಳಿ. ಮೊಬೈಲನ್ನು ಕೈಯಲ್ಲಿ ಹಿಡಿಯಬೇಡಿ, ಪಕ್ಕದಲ್ಲಿ ಬಟ್ಟೆಯ ಮೇಲಿಡಿ. ಹಿಡಿದರೆ ಹಿರಿಯರು ಮಾತು ನಿಲ್ಲಿಸುತ್ತಾರೆ. ಕೇಳಿ ಬರಹಕ್ಕೆ ಇಳಿಸುವ ಕೆಲಸವನ್ನು ನಾನು ಮಾಡಿಕೊಡುತ್ತೇನೆ, ನನಗೆ ಬಿಡುವಿದೆ.

ಮದ್ದೂರಿನ ಮೊಮ್ಮಗಳು

ಭಾನುವಾರ ಹೋಗಿದ್ದೆ. ಬೆಳಿಗ್ಗೆ ಏಳಕ್ಕೆ ಮೇಷ್ಟ್ರೂ ಮದ್ದೂರು ಬಸ್ ನಿಲ್ದಾಣಕ್ಕೆ ಬಂದಿದ್ದರು. ಹುಟ್ಟಿದ ಊರಿನ ಕೇರಿಗೆ ನಾನು ಐವತ್ತೈದನೆಯ ವಯಸ್ಸಿನಲ್ಲಿ ಮೊದಲ ಸಲ ಕಾಲಿಟ್ಟೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು.

ದೊಡ್ಡಜ್ಜಿ ಬಾಗಿಲ ಬಳಿ ಬಿಸಿಲು ಕಾಯಿಸುತ್ತಾ ಕುಳಿತಿದ್ದರು. ಬಾವುಟವನ್ನು ಅವರು ನೋಡಲಿಲ್ಲ, ಭಾಷಣವನ್ನು ಕೇಳಲಿಲ್ಲ. ಅವರಿಗೆ ನೆನಪಿರುವುದು ಜಾಲಿ ಸೌದೆ. ಕತ್ತಲಲ್ಲಿ ಮುಳ್ಳು ಕುತ್ತಿಗೆಗೆ ಚುಚ್ಚುತ್ತಿತ್ತು, ಅತ್ತರೆ ಸದ್ದಾಗುತ್ತದೆಂದು ತಾಯಿ ಬಾಯಿಗೆ ಬೆಲ್ಲದ ಚೂರು ತುರುಕಿದ್ದರು. ಕುತ್ತಿಗೆಯ ಹಿಂದೆ ಕೈ ಇಟ್ಟು ಜಾಗ ತೋರಿಸಿದರು. ನಮ್ಮ ಅಜ್ಜಿಯ ಹೆಸರು ಹೇಳಿದೆ. "ಹಿತ್ತಿಲ ಬಾಗಿಲು ತೆಗೆದವಳು ಅವಳೇ" ಎಂದರು. ಬೇರೆ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಸೌದೆ ಹೊತ್ತವರು ಐದು ಮಂದಿ. ಐವರ ಹೆಸರನ್ನೂ ಅವರು ತಡವರಿಸದೆ ಹೇಳಿದರು; ತಾಯಿಯ ಹೆಸರು ಸಹಿತ, ಯಾರು ಯಾವ ವರ್ಷ ಹೋದರು ಎಂಬುದರ ಸಹಿತ. ಮೇಷ್ಟ್ರು ಬರೆದುಕೊಂಡು ಎರಡು ಸಲ ಓದಿ ಹೇಳಿದರು, ದೊಡ್ಡಜ್ಜಿ ಒಂದು ಕಡೆ ತಿದ್ದಿಸಿದರು. ಅವರ ಮನೆಗಳವರ ಒಪ್ಪಿಗೆ ಪಡೆದು ಹೆಸರುಗಳನ್ನು ಇಲ್ಲಿ ಹಾಕುತ್ತೇನೆ.

ನಮ್ಮ ಬೀದಿಯ ಏಳರಲ್ಲಿ ನನಗೆ ಸಿಕ್ಕಿರುವುದು ಮೂರೇ ಹೆಸರು. ಉಳಿದ ನಾಲ್ವರನ್ನು ಊರಿನಲ್ಲಿ ಎಲ್ಲರೂ ತವರಿನ ಹೆಸರಿನಿಂದಲೇ ಕರೆಯುತ್ತಿದ್ದರು: ಬೆಸಗರಹಳ್ಳಿಯವಳು, ಕೊಪ್ಪದವಳು, ಚಿಕ್ಕರಸಿನಕೆರೆಯವಳು, ಆತಗೂರಿನವಳು. ಮಕ್ಕಳು, ಮೊಮ್ಮಕ್ಕಳು ಬೆಂಗಳೂರು ಸೇರಿದ್ದಾರೆ. ಫೋನಿನಲ್ಲಿ ಕೇಳಿದರೆ ಅವರಿಗೂ "ಅವ್ವ" ಎಂಬುದಷ್ಟೇ ಗೊತ್ತು. ಆದ್ದರಿಂದ ಆ ನಾಲ್ಕು ಊರಿನವರಲ್ಲಿ ನನ್ನದೊಂದು ಕೋರಿಕೆ. 1938ಕ್ಕೆ ಮೊದಲು ನಿಮ್ಮ ಮನೆಯಿಂದ ಶಿವಪುರದ ಸುತ್ತಿನ ಹಳ್ಳಿಗಳಿಗೆ ಮದುವೆ ಮಾಡಿಕೊಟ್ಟ ಹೆಣ್ಣುಮಗಳು ಇದ್ದರೆ, ಅವರ ಹೆಸರು ಯಾರ ನೆನಪಿನಲ್ಲಾದರೂ ಉಳಿದಿದ್ದರೆ, ದಯವಿಟ್ಟು ಇಲ್ಲಿ ಬರೆಯಿರಿ. ಆತಗೂರಿನವರಿಗೆ ಒಂದು ಗುರುತು: ಅವರ ಬಲಗೈಯ ಕಿರುಬೆರಳು ಸೊಟ್ಟಗಿತ್ತಂತೆ, ಮತ್ತು ಬೇರೆ ದಿನಗಳಲ್ಲಿ ಇಡೀ ಬೀದಿಗೆ ಕೇಳುವಂತೆ ಬೀಸುವ ಪದ ಹೇಳುತ್ತಿದ್ದವರು ಅವರೇ.